ಕಣ್ಣು ಒಣಗುವುದಕ್ಕೆ ಧೂಳೊಂದೇ ಕಾರಣವಲ್ಲ

ಮಾಡಗ್ಯಾಳದ ಕುರಿಗೆ ಸಂತೆಯಲ್ಲಿ ಒಳ್ಳೆಯ ಬೆಲೆ ಇದೆ. ಅದರ ಕಣ್ಣಿನಿಂದ ನೀರು ಸೋರಿದರೆ ಅದೇ ದಿನ ದನದ ಡಾಕ್ಟರರನ್ನು ಕರೆಸುತ್ತೇವೆ. ಆದರೆ ಮನೆಯ ತಾಯಿ ‘ಕಣ್ಣಾಗ ಉಸುಕು ಹೊಕ್ಕಂಗ ಆಗ್ತದ, ಉರೀತಾವ’ ಎಂದರೆ, ‘ಜ್ವಾಳ ತೂರೀದಿ, ಧೂಳ ಬಿದ್ದಿರಬೇಕು, ತೊಳಕೋ ಯವ್ವಾ’ ಎಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲ.

ಜತ್ತ ತಾಲೂಕಿನ ಬಿಸಿಲು, ಒಣಗಾಳಿ, ರಾಶಿಯ ಧೂಳು, ಒಲೆಯ ಹೊಗೆ ಕಣ್ಣಿಗೆ ಕೆಟ್ಟವು ನಿಜ. ಆದರೆ ಕಣ್ಣು ಒಣಗುವ ರೋಗ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ ಹೆಚ್ಚು. ಇದಕ್ಕೆ ಕಾರಣ ದೇಹದೊಳಗೇ ಇದೆ.

ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮೇಲ್ಭಾಗದಲ್ಲಿರುವ ಗ್ರಂಥಿ ನೀರನ್ನು ಕೊಡುತ್ತದೆ. ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳು ಎಣ್ಣೆಯನ್ನು ಕೊಡುತ್ತವೆ. ಈ ಎಣ್ಣೆಯ ತೆಳುಪೊರೆ ನೀರು ಬೇಗ ಆರದಂತೆ ಕಾಯುತ್ತದೆ. ಈ ಎರಡೂ ಗ್ರಂಥಿಗಳು ಚೆನ್ನಾಗಿ ಕೆಲಸ ಮಾಡಲು ಆಂಡ್ರೋಜನ್ ಎಂಬ ಹಾರ್ಮೋನು ಬೇಕು. ಇದನ್ನು ಗಂಡಸರ ಹಾರ್ಮೋನು ಎನ್ನುತ್ತಾರಾದರೂ ಹೆಂಗಸರ ಅಂಡಾಶಯದಲ್ಲೂ ಇದು ತಯಾರಾಗುತ್ತದೆ. ವಯಸ್ಸಾದಂತೆ ಇದು ಕಡಿಮೆಯಾಗಿ, ಎಣ್ಣೆ ಗಟ್ಟಿಯಾಗುತ್ತದೆ, ನೀರು ಬೇಗ ಆರುತ್ತದೆ. ಉರಿಯುವ ಕಣ್ಣು ಒಮ್ಮೊಮ್ಮೆ ಧಾರಾಕಾರ ನೀರು ಸುರಿಸುವುದೂ ಉಂಟು. ಆದ್ದರಿಂದ ಸೋರುವ ಕಣ್ಣು ಒಣಗಿಲ್ಲವೆಂದು ತಿಳಿಯಬಾರದು.

ಇನ್ನೊಂದು ಮಾತನ್ನು ನಾವು ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮ ತಾಲೂಕಿನಿಂದಲೂ ಅನೇಕ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಚೀಲ ತೆಗೆಸುವ ಸುದ್ದಿ 2019ರಲ್ಲಿ ದೊಡ್ಡದಾಗಿ, ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮೀಕ್ಷೆಗೆ ಒಳಗಾದ 82,000ಕ್ಕೂ ಹೆಚ್ಚು ಹೆಂಗಸರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ಈ ಶಸ್ತ್ರಕ್ರಿಯೆ ಆಗಿತ್ತು. ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನುಗಳು ಮೆಲ್ಲಗೆ ಅಲ್ಲ, ಒಮ್ಮೆಲೇ ಇಳಿಯುತ್ತವೆ. ಅದರ ಪರಿಣಾಮ ಎಲುಬಿನ ಮೇಲೂ ಕಣ್ಣಿನ ಮೇಲೂ ಆಗಬಹುದು. ‘ತೆಗೆಸಿಬಿಡು, ಕಾಟ ತಪ್ಪುತ್ತದೆ’ ಎನ್ನುವವರು ಇದನ್ನು ತಿಳಿದಿರಬೇಕು. ಅನಿವಾರ್ಯವಾದರೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿರಿ. ಅಂಡಾಶಯಗಳನ್ನು ಉಳಿಸಬಹುದೇ ಎಂದೂ ವಿಚಾರಿಸಿರಿ.

ಹಾಗಾದರೆ ಹಾರ್ಮೋನಿನ ಗುಳಿಗೆ ನುಂಗಿದರೆ ಕಣ್ಣು ಸರಿಹೋದೀತೇ? ಹಾಗೆ ತಿಳಿಯಬೇಡಿರಿ. ಮುಟ್ಟು ನಿಂತ 25,665 ಅಮೆರಿಕದ ಹೆಂಗಸರ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಕಣ್ಣು ಒಣಗುವ ಸಂಭವ ಗುಳಿಗೆ ತೆಗೆದುಕೊಳ್ಳದವರಿಗಿಂತ ಶೇಕಡಾ 69ರಷ್ಟು ಹೆಚ್ಚಾಗಿತ್ತು. ಬೇರೆ ಕಾರಣಕ್ಕೆ ವೈದ್ಯರು ಈ ಗುಳಿಗೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿರಿ, ಕಣ್ಣಿನ ತೊಂದರೆಯನ್ನು ಅವರಿಗೆ ತಿಳಿಸಿರಿ.

ಔಷಧ ಅಂಗಡಿಯಿಂದ ಸಿಕ್ಕ ಹನಿಯನ್ನು ತಂದು ಹಾಕುವುದಂತೂ ಅಪಾಯ. ಸ್ಟೀರಾಯ್ಡ್ ಇರುವ ಹನಿ ಎರಡು ದಿನ ಹಿತವೆನಿಸೀತು. ತಿಂಗಳುಗಟ್ಟಲೆ ಹಾಕಿದರೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಶುದ್ಧವಾದ ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದು-ಹತ್ತು ನಿಮಿಷ ಇಡಿರಿ. ಬಟ್ಟೆ ತಣ್ಣಗಾದರೆ ಮತ್ತೆ ಅದ್ದಿರಿ. ಆಮೇಲೆ ರೆಪ್ಪೆಯನ್ನು ಮೆಲ್ಲಗೆ ತಿಕ್ಕಿರಿ. ದಿನಕ್ಕೆ ಎರಡು ಸಲ ಹೀಗೆ ಮಾಡಿದರೆ ಗಟ್ಟಿಯಾದ ಎಣ್ಣೆ ಕರಗುತ್ತದೆ. ರಾಶಿ ಮಾಡುವಾಗ ಕನ್ನಡಕ ಹಾಕಿರಿ. ಒಲೆಯ ಹೊಗೆ ಹೊರಹೋಗಲು ದಾರಿ ಮಾಡಿರಿ. ಉರಿ ನಿಲ್ಲದಿದ್ದರೆ ಕಣ್ಣಿನ ವೈದ್ಯರನ್ನು ಕಾಣಿರಿ, ಕೃತಕ ಕಣ್ಣೀರಿನ ಹನಿಯನ್ನು ಅವರು ಬರೆದುಕೊಟ್ಟಾರು. ಜೊತೆಗೆ ಬಾಯಿಯೂ ಒಣಗಿ, ಕೀಲುಗಳೂ ನೋಯುತ್ತಿದ್ದರೆ ತಡಮಾಡಬಾರದು. ಅದು ಇಡೀ ದೇಹಕ್ಕೆ ಸಂಬಂಧಿಸಿದ ಬೇರೆ ರೋಗವಿರಬಹುದು.

ತಾಯಂದಿರು ತಮ್ಮ ನೋವನ್ನು ಕೊನೆಗೆ ಹೇಳುತ್ತಾರೆ, ಅದೂ ಅರ್ಧವೇ. ಅವರು ಕಣ್ಣು ಉಜ್ಜಿಕೊಳ್ಳುವುದನ್ನು ಕಂಡ ಮಕ್ಕಳು, ಗಂಡಂದಿರು ತಾವಾಗಿಯೇ ಕೇಳಬೇಕು, ದವಾಖಾನೆಗೆ ಕರೆದೊಯ್ಯಬೇಕು.