ಬ್ಲಾಗುಗಳು ಅಳಿಯುವ ಮುನ್ನ

2007ರದ್ದೋ 2008ರದ್ದೋ ಆದ ಒಂದು ಕನ್ನಡ ಬ್ಲಾಗನ್ನು ತೆರೆದು ಅದರ ಬದಿಯ ಪಟ್ಟಿಯನ್ನು ನೋಡಿ. ‘ನಾನು ಓದುವ ತಾಣಗಳು’, ‘ಗೆಳೆಯರ ಬಳಗ’ ಎಂಬಂಥ ತಲೆಬರಹದ ಕೆಳಗೆ ಹತ್ತಿಪ್ಪತ್ತು ಹೆಸರುಗಳಿರುತ್ತವೆ. ಒಂದೊಂದನ್ನೇ ಒತ್ತುತ್ತ ಹೋಗಿ. ಕೆಲವು ತೆರೆದುಕೊಳ್ಳುತ್ತವೆ, ಆದರೆ ಅಲ್ಲಿನ ಕೊನೆಯ ಬರಹಕ್ಕೆ ಹತ್ತು ವರ್ಷ ದಾಟಿರುತ್ತದೆ. ಕೆಲವು ತೆರೆಯುವುದೇ ಇಲ್ಲ. ಹುಮ್ಮಸ್ಸಿನಿಂದ ಸ್ವಂತ ಹೆಸರಿನಲ್ಲಿ ಡೊಮೈನ್ ಕೊಂಡಿದ್ದವರ ವಿಳಾಸದಲ್ಲಿ ಈಗ ಆನ್‌ಲೈನ್ ಜೂಜಿನ ಜಾಹೀರಾತು ಕುಣಿಯುತ್ತಿದ್ದರೂ ಅಚ್ಚರಿಯಿಲ್ಲ. ನವೀಕರಣದ ದುಡ್ಡು ಕಟ್ಟದೆ ಬಿಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ಇದನ್ನು ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಪತ್ರಿಕೆಯ ಆತಂಕ ಬೇರೆ. ಸುಮಾರು 2005ರಿಂದ 2015ರ ನಡುವೆ ಕನ್ನಡದಲ್ಲಿ ಬರೆದವರ ದೊಡ್ಡದೊಂದು ಗುಂಪು ಪುಸ್ತಕ ಮಾಡಲಿಲ್ಲ, ಪತ್ರಿಕೆಗಳಿಗೆ ಕಳಿಸಲಿಲ್ಲ. ಅವರು ಬರೆದದ್ದೆಲ್ಲ ತಮ್ಮ ತಾಣದಲ್ಲೇ ಇದೆ. ಆ ಗದ್ಯ ಇನ್ನು ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ಕಾಣೆಯಾಗುವ ಲಕ್ಷಣಗಳು ಈಗಲೇ ಕಾಣುತ್ತಿವೆ.

ಹೋಗುವುದು ಏನು ಎಂಬುದನ್ನು ಮೊದಲು ತಿಳಿಯಬೇಕು. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ತಾಣವನ್ನು ಶುರುಮಾಡಿದ್ದು 1996ರಲ್ಲಿ. ಆಗ ಒಂದು ತಾಣದ ಕನ್ನಡ ಓದಲು ಅದರದೇ ಫಾಂಟ್ ಬೇಕಿತ್ತು. ಯುನಿಕೋಡ್ ಎಲ್ಲರ ಕಂಪ್ಯೂಟರಿಗೆ ಬಂದು, ಬ್ಲಾಗರ್, ವರ್ಡ್‌ಪ್ರೆಸ್‌ಗಳು ಪುಕ್ಕಟೆ ಜಾಗ ಕೊಟ್ಟಮೇಲೆ ಬಾಗಿಲು ತೆರೆಯಿತು. 2005ರಲ್ಲಿ ‘ಸಂಪದ’ ತಾಣ ಬಂತು. ಬ್ಯಾಂಕ್ ಗುಮಾಸ್ತರು, ಮೇಷ್ಟ್ರುಗಳು, ಗೃಹಿಣಿಯರು, ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೋಡ್ ಬರೆಯುತ್ತಿದ್ದ ಹುಡುಗ ಹುಡುಗಿಯರು ರಾತ್ರಿ ಕೂತು ಬರೆದರು. ಊರಿನ ಮಳೆ, ಅಜ್ಜಿಯ ಅಡುಗೆ, ಹಾಸ್ಟೆಲ್ ಜಗಳ, ಆಗಷ್ಟೇ ಓದಿದ ಪುಸ್ತಕ. ಎಲ್ಲವೂ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಬಹಳಷ್ಟು ಜಾಳುಜಾಳಾಗಿತ್ತು, ಕೆಟ್ಟ ಕವಿತೆಗಳಂತೂ ಲೆಕ್ಕವಿಲ್ಲದಷ್ಟಿದ್ದವು.

ಆದರೂ ಅಲ್ಲಿ ನಡೆದ ಒಂದು ಸಂಗತಿ ಅಚ್ಚಿನಲ್ಲಿ ಅಷ್ಟಾಗಿ ನಡೆದಿರಲಿಲ್ಲ. ಧಾರವಾಡದ ಮಾತು, ಕುಂದಾಪ್ರ ಕನ್ನಡ, ಹವ್ಯಕರ ಮನೆಮಾತು, ಹಳೇ ಮೈಸೂರಿನ ಹಳ್ಳಿಯ ನುಡಿ ಇವೆಲ್ಲ ಯಾವ ಉಪಸಂಪಾದಕನ ಕೆಂಪು ಪೆನ್ನಿಗೂ ಸಿಗದೆ, ಆಡಿದ ಹಾಗೇ ಬರಹಕ್ಕೆ ಇಳಿದವು. ಕೆಳಗೆ ಪ್ರತಿಕ್ರಿಯಿಸಿದವರು ‘ನಮ್ಮ ಕಡೆ ಹೀಗೆ ಅನ್ನುತ್ತೇವೆ’ ಎಂದು ಇನ್ನೊಂದು ಪದ ಕೊಟ್ಟರು. ಉಪಭಾಷೆಗಳನ್ನು ಅಧ್ಯಯನ ಮಾಡುವವರಿಗೆ ಇಷ್ಟು ವಿಸ್ತಾರವಾದ, ಯಾರೂ ಕೇಳದೆ ತಾನಾಗಿ ಬಂದ ಸಾಮಗ್ರಿ ಇನ್ನೆಲ್ಲಿ ಸಿಗಬೇಕು? 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯ್ನುಡಿ ಕನ್ನಡ. ಆ ಸಂಖ್ಯೆಗೆ ಹೋಲಿಸಿದರೆ ಜಾಲದಲ್ಲಿರುವ ಕನ್ನಡ ತೀರ ಕಡಿಮೆ, ಇರುವುದರಲ್ಲೂ ಸುದ್ದಿ ಹಾಗೂ ಯಂತ್ರಾನುವಾದದ ಪಾಲು ಬೆಳೆಯುತ್ತಿದೆ. ಯಂತ್ರಗಳು ನಾಳೆ ಕನ್ನಡ ಕಲಿಯುವುದು ಉಳಿದುಕೊಂಡದ್ದರಿಂದ.

ಇನ್ನು ಲಕ್ಷಣಗಳು. ಜನ ಬರೆದಿಟ್ಟಿದ್ದ ಜಾಲಸೇವೆಗಳಲ್ಲಿ ಜಿಯೋಸಿಟೀಸ್ 2009ರಲ್ಲಿ ಹೋಯಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ. ಬ್ಲಾಗುಗಳಿಗೇ ಮೀಸಲಾಗಿದ್ದ ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಅಲ್ಲಿ ಬರೆದವರಿಗೆ ಸಿಕ್ಕ ಗಡುವು ಸುಮಾರು ಒಂದು ತಿಂಗಳು. ಕನ್ನಡದ ಅನೇಕ ಬ್ಲಾಗುಗಳು ಇರುವ ಬ್ಲಾಗರ್ ಇನ್ನೂ ನಿಂತಿದೆ, ನಿಜ. ಗೂಗಲ್ ಅದನ್ನು 2003ರಲ್ಲಿ ಕೊಂಡಿತು. ಆದರೆ ಬ್ಲಾಗುಗಳನ್ನು ಓದುತ್ತಿದ್ದವರ ನೆಚ್ಚಿನ ಗೂಗಲ್ ರೀಡರನ್ನು 2013ರ ಜುಲೈ 1ರಂದು ಇದೇ ಕಂಪನಿ ಮುಚ್ಚಿತು. ಬ್ಲಾಗರನ್ನು ನಾಳೆಯೇ ಮುಚ್ಚುತ್ತಾರೆಂದು ನಾವು ಹೇಳುತ್ತಿಲ್ಲ. ಮುಚ್ಚುವಾಗ ನಮ್ಮನ್ನು ಕೇಳುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಅದಕ್ಕಿಂತ ಹತ್ತಿರದ ಅಪಾಯ ಬೇರೆಯಿದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಒಬ್ಬರೇ ನಡೆಸುವ ಬ್ಲಾಗರ್ ತಾಣಕ್ಕೆ ಇರುವ ಕೀಲಿ ಆ ಖಾತೆಯೊಂದೇ. ಅದು ಹೋದರೆ ಬ್ಲಾಗನ್ನು ತಿದ್ದಲು, ಬೇರೆಡೆಗೆ ಸಾಗಿಸಲು, ಇಳಿಸಿಕೊಳ್ಳಲು ಯಾರಿಗೂ ದಾರಿಯಿರುವುದಿಲ್ಲ. ಕೋವಿಡ್ ಕಾಲದಲ್ಲಿ ಮತ್ತು ಆಮೇಲೆ ತೀರಿಕೊಂಡ ಬರಹಗಾರರ ಪಾಸ್‌ವರ್ಡ್ ಎಷ್ಟು ಮನೆಗಳಲ್ಲಿ ಗೊತ್ತಿದೆ? ಅವರು ಬರೆಯುತ್ತಿದ್ದರೆಂಬುದೇ ಕೆಲವು ಮನೆಗಳಿಗೆ ಗೊತ್ತಿರಲಿಕ್ಕಿಲ್ಲ.

ವಿಡಿಯೊದ ಕತೆ ಇನ್ನೂ ಕೆಟ್ಟದು. 2020ರ ಲಾಕ್‌ಡೌನಿನಲ್ಲಿ ತಾಳಮದ್ದಳೆ, ಉಪನ್ಯಾಸ, ಕವಿಗೋಷ್ಠಿಗಳೆಲ್ಲ ಫೇಸ್‌ಬುಕ್ ಲೈವ್‌ಗೆ ಹೋದವು. 2025ರ ಫೆಬ್ರುವರಿ 19ರಿಂದ ಫೇಸ್‌ಬುಕ್ ಹೊಸ ಲೈವ್‌ಗಳನ್ನು 30 ದಿನವಷ್ಟೇ ಇಟ್ಟುಕೊಳ್ಳುತ್ತದೆ. ಹಳೆಯವನ್ನು 90 ದಿನಗಳ ನೋಟಿಸ್ ಕೊಟ್ಟು ಹಂತಹಂತವಾಗಿ ಅಳಿಸುವುದಾಗಿ ಹೇಳಿತು. ಆ ನೋಟಿಸು ಬರುವುದು ಪುಟ ನಡೆಸುವವರಿಗೆ. ಅವರಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದರೋ.

2013ರಲ್ಲಿದ್ದ ಜಾಲಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಗೆದ್ದಲು ತಿಂದ ತೊಲೆಯಂತೆ ಜಾಲವೂ ಬೀಳುವ ದಿನದವರೆಗೆ ಗಟ್ಟಿಯಾಗಿಯೇ ಕಾಣುತ್ತದೆ.

ಅಚ್ಚಿನ ಕತೆ ಹೀಗಿರಲಿಲ್ಲ. ‘ಕಸ್ತೂರಿ’ ಮಾಸಿಕ 1956ರಲ್ಲಿ ಹುಬ್ಬಳ್ಳಿಯಿಂದ ಹೊರಟಾಗ ಅದರ ಕಸುಬೇ ಓದಿದ್ದನ್ನು ಹಂಚುವುದಾಗಿತ್ತು. ಸಂಪಾದಕ ಪಾ. ವೆಂ. ಆಚಾರ್ಯರ ಕಾಲದಲ್ಲಿ ಎಲ್ಲೆಲ್ಲಿಂದಲೋ ಆಯ್ದ ಸಾರ, ಕೊನೆಯಲ್ಲಿ ಒಂದಿಡೀ ಪುಸ್ತಕದ ಸಂಗ್ರಹ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಅದರ ಹಳೆಯ ಸಂಚಿಕೆ ಈಗಲೂ ಕೈಗೆ ಸಿಕ್ಕೀತು, ಏಕೆಂದರೆ ಒಂದು ಸಂಚಿಕೆಗೆ ಸಾವಿರಾರು ಪ್ರತಿಗಳಿದ್ದವು, ಅವು ಸಾವಿರಾರು ಮನೆಗಳಲ್ಲಿದ್ದವು. ಬ್ಲಾಗಿಗೆ ಇರುವುದು ಒಂದೇ ಪ್ರತಿ. ಓದುಗರು ಲಕ್ಷ ಇದ್ದರೂ ಪ್ರತಿ ಒಂದೇ.

ಹಂಚುವ ಕಸುಬು ಈಗ ವಾಟ್ಸ್ಯಾಪಿನ ಪಾಲಾಗಿದೆ. ಬ್ಲಾಗಿನವರು ತಾವು ಮೆಚ್ಚಿದ್ದರ ಕೊಂಡಿ ಕೊಟ್ಟು, ಏಕೆ ಮೆಚ್ಚಿದೆ ಎಂದು ಎರಡು ಸಾಲು ಬರೆಯುತ್ತಿದ್ದರು. ಓದುಗ ಮೂಲಕ್ಕೆ ಹೋಗುತ್ತಿದ್ದ, ಬರೆದವರಿಗೆ ಒಬ್ಬ ಓದುಗ ಸಿಗುತ್ತಿದ್ದ. ಈಗ ಇಡೀ ಲೇಖನ ಕತ್ತರಿಸಿ ಅಂಟಿಸಿಕೊಂಡು ಬರುತ್ತದೆ, ಹೆಸರಿನ ಜಾಗದಲ್ಲಿ ‘ಕೃಪೆ: ಅಂತರ್ಜಾಲ’. ತನ್ನದೇ ಪ್ರಬಂಧ ಮೂರು ವರ್ಷದ ಮೇಲೆ ಸೋದರಮಾವನ ಮೊಬೈಲಿನಿಂದ ಇನ್ನೊಬ್ಬರ ಹೆಸರು ಹೊತ್ತು ಬಂದದ್ದನ್ನು ಕಂಡ ಲೇಖಕರು ನಮ್ಮಲ್ಲಿ ಕಡಿಮೆಯಿಲ್ಲ. ಹಂಚಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಮೂಲಕ್ಕೆ ಹೋಗುವವರೇ ಇಲ್ಲವಾದರೆ ಮೂಲ ಅಳಿದದ್ದು ಯಾರಿಗೂ ತಿಳಿಯುವುದಿಲ್ಲ. ಕಾಣೆಯಾದದ್ದನ್ನು ಹೇಳಲು ಯಾರಾದರೂ ಅಲ್ಲಿಗೆ ಹೋಗಿಬರುತ್ತಿರಬೇಕಲ್ಲ.

ಎಲ್ಲವನ್ನೂ ಏಕೆ ಉಳಿಸಬೇಕು, ಮರೆವೂ ಒಂದು ಹಕ್ಕಲ್ಲವೇ ಎಂದು ಕೇಳುವವರಿದ್ದಾರೆ. ಇಪ್ಪತ್ತರ ವಯಸ್ಸಿನ ತಮ್ಮ ಸಿಟ್ಟನ್ನು ನಲವತ್ತರಲ್ಲಿ ಅಳಿಸಲು ಬಯಸುವವರು ಅಳಿಸಲಿ, ಅದು ಅವರ ಸ್ವತ್ತು. ಅಳಿಸುವ ತೀರ್ಮಾನ ಬರೆದವರದಾಗಲಿ, ಕಂಪನಿಯ ಗಡುವಿನದಾಗದಿರಲಿ.

ಕಾನೂನು ಇಲ್ಲಿ ಅಚ್ಚಿನ ಕಾಲದಲ್ಲೇ ನಿಂತಿದೆ. ಪುಸ್ತಕ ಪ್ರಕಟಿಸಿದವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಜಾಲತಾಣಕ್ಕೆ ಅಂಥ ಏರ್ಪಾಡಿಲ್ಲ. ಬ್ರಿಟನ್ 2013ರಲ್ಲೇ ಜಾಲಪುಟಗಳ ಪ್ರತಿ ತೆಗೆದಿಡುವ ಅಧಿಕಾರವನ್ನು ತನ್ನ ಗ್ರಂಥಾಲಯಗಳಿಗೆ ಕೊಟ್ಟಿತು. (2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಬ್ರಿಟಿಷ್ ಲೈಬ್ರರಿಯ ಆ ಸಂಗ್ರಹವೂ ಬಹುಕಾಲ ಕೈಗೆಟುಕದಾಯಿತು. ಒಂದೇ ಕಡೆ ಇಡುವುದು ಎಂಥ ದೊಡ್ಡ ಸಂಸ್ಥೆಗೂ ತಕ್ಕುದಲ್ಲ.) ದೆಹಲಿ ಕಾನೂನು ಮಾಡುವವರೆಗೆ ಕರ್ನಾಟಕ ಕಾಯಬೇಕಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳಲ್ಲಿ ಯಾವುದೇ ಒಂದು, ಲೇಖಕರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಕನ್ನಡ ಬ್ಲಾಗುಗಳ ಪಟ್ಟಿ ಮಾಡಿ ಪ್ರತಿ ತೆಗೆದಿಡಲು ತೊಡಗಬಹುದು. ತೀರಿಕೊಂಡವರ ತಾಣಗಳಿಂದ ಶುರುವಾಗಲಿ, ಹೆಚ್ಚು ಅವಸರವಿರುವುದು ಅವಕ್ಕೇ. ಒಂದು ಸಾಹಿತ್ಯ ಸಮ್ಮೇಳನದ ಖರ್ಚಿನ ಸಣ್ಣ ಚೂರು ಇದಕ್ಕೆ ಸಾಕು.

ಸರ್ಕಾರ ಮಾಡುವ ಮೊದಲು ಬರೆದವರೇ ಮಾಡಬಹುದಾದದ್ದು ಬಹಳಿದೆ. ವರ್ಷಕ್ಕೆ ಸುಮಾರು ಸಾವಿರ ರೂಪಾಯಿಯಲ್ಲಿ ಸ್ವಂತ ಡೊಮೈನ್ ಇಟ್ಟುಕೊಂಡರೆ, ಜಾಗ ಕೊಟ್ಟ ಕಂಪನಿ ಮುಚ್ಚಿದರೂ ಅದೇ ವಿಳಾಸ ಹೊತ್ತು ಬೇರೆಡೆಗೆ ಹೋಗಬಹುದು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಪುಟದ ವಿಳಾಸ ಕೊಟ್ಟರೆ ಅದು ಪ್ರತಿ ತೆಗೆದಿಡುತ್ತದೆ; ನಿಮ್ಮದಷ್ಟೇ ಅಲ್ಲ, ನೀವು ಮೆಚ್ಚಿ ಹಂಚುವ ಪುಟದ್ದನ್ನೂ ಕೊಡಿ. ಖಾತೆ ನಿಷ್ಕ್ರಿಯವಾದಾಗ ಯಾರಿಗೆ ತಿಳಿಸಬೇಕೆಂದು ಸೂಚಿಸುವ ಸೌಲಭ್ಯ ಗೂಗಲ್‌ನಲ್ಲಿ 2013ರಿಂದಲೂ ಇದೆ, ಅಲ್ಲಿ ಮಗಳದೋ ಗೆಳೆಯನದೋ ಹೆಸರು ಬರೆಯಿರಿ. ಬ್ಲಾಗರ್‌ನಲ್ಲಿ ಬರೆದವರು ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಸೌಲಭ್ಯ ಬಳಸಿದರೆ ಬರಹ ಮತ್ತು ಪ್ರತಿಕ್ರಿಯೆಗಳೆಲ್ಲ ಕಡತವಾಗಿ ಇಳಿಯುತ್ತವೆ. ಚಿತ್ರಗಳು ಮಾತ್ರ ಆ ಕಡತದಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.