ಚಿಮಣಿ ಎತ್ತರವಾದರೆ ಮಳೆ ಶುದ್ಧವಾಗುವುದೇ?

ಕೇಂದ್ರ ಪರಿಸರ ಸಚಿವಾಲಯವು 2025ರ ಜುಲೈನಲ್ಲಿ ಹೊರಡಿಸಿದ ಅಧಿಸೂಚನೆಯು ದೇಶದ ಕಲ್ಲಿದ್ದಲು ವಿದ್ಯುತ್ ಘಟಕಗಳ ಪೈಕಿ ಮುಕ್ಕಾಲು ಪಾಲಿಗೂ ಹೆಚ್ಚಿನವನ್ನು ಗಂಧಕದ ಡೈಆಕ್ಸೈಡ್ ಮಿತಿಯಿಂದ ಮುಕ್ತಗೊಳಿಸಿದೆ. 2015ರಲ್ಲಿ ವಿಧಿಸಿದ ಈ ಮಿತಿಯ ಪಾಲನೆಯನ್ನು ಮತ್ತೆ ಮತ್ತೆ ಮುಂದೂಡುತ್ತಲೇ ಬರಲಾಗಿತ್ತು. ದೊಡ್ಡ ನಗರಗಳಿಂದ ದೂರವಿರುವ ಇಂಥ ಘಟಕಗಳಿಗೆ ಈಗ ಉಳಿದಿರುವ ಮುಖ್ಯ ಷರತ್ತು, ಚಿಮಣಿ ನಿಗದಿತ ಎತ್ತರದಲ್ಲಿರಬೇಕೆಂಬುದು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಗಾಳಿಯಲ್ಲಿ ಈ ಅನಿಲ ಮಿತಿಯೊಳಗಿದೆ ಎಂಬುದು ಸಮರ್ಥನೆ. ಎರಡೂ ಮಾತು ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಅದು ಗಾಳಿಯ ಲೆಕ್ಕವೇ ಹೊರತು ನೀರಿನ ಲೆಕ್ಕವಲ್ಲ.

ಎತ್ತರದ ಚಿಮಣಿಯ ಪರಿಹಾರ ಹೊಸತೇನಲ್ಲ. 1952ರ ಲಂಡನ್ ಹೊಗೆಮಂಜಿನ ದುರಂತದ ನಂತರದ ದಶಕಗಳಲ್ಲಿ ಬ್ರಿಟನ್ ತನ್ನ ವಿದ್ಯುತ್ ಸ್ಥಾವರಗಳಿಗೆ ಇನ್ನೂರು ಮೀಟರ್ ಎತ್ತರದ ಚಿಮಣಿಗಳನ್ನು ಕಟ್ಟಿತು. ಸುತ್ತಲಿನ ಗಾಳಿ ತಿಳಿಯಾಯಿತು. ಗಂಧಕ ಮಾತ್ರ ಸಮುದ್ರ ದಾಟಿ ನಾರ್ವೆ, ಸ್ವೀಡನ್‌ಗಳಲ್ಲಿ ಮಳೆಯಾಗಿ ಇಳಿಯಿತು. ಯುರೋಪಿನ ಹೊಗೆಗೂ ತಮ್ಮ ಸರೋವರಗಳ ಆಮ್ಲೀಯತೆಗೂ ಇರುವ ಸಂಬಂಧವನ್ನು 1967ರಲ್ಲಿ ಪತ್ರಿಕೆಯೊಂದರ ಮೂಲಕ ಜನರ ಮುಂದಿಟ್ಟವರು ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂತೆ ಓದೆನ್. ಅಷ್ಟರಲ್ಲಾಗಲೇ ದಕ್ಷಿಣ ನಾರ್ವೆಯ ಅನೇಕ ನದಿಗಳಲ್ಲಿ ಸಾಲ್ಮನ್ ಮೀನು ಕ್ಷೀಣಿಸಿತ್ತು.

ಶುದ್ಧ ಮಳೆಯ ರಸಸಾರವೂ, ಅಂದರೆ ಪಿಎಚ್, 5.6ರ ಆಸುಪಾಸಿನಲ್ಲಿರುತ್ತದೆ. ಈ ಅಳತೆಯಲ್ಲಿ ಒಂದಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಆದರೆ ಆಮ್ಲವೊಂದೇ ಕೊಲ್ಲುವುದಿಲ್ಲ. ಅದು ಮಣ್ಣಿನಲ್ಲಿ ಅಡಗಿರುವ ಅಲ್ಯೂಮಿನಿಯಮ್ಮನ್ನು ಕರಗಿಸಿ ನೀರಿಗೆ ತರುತ್ತದೆ. ಮೀನಿನ ಕಿವಿರುಗಳು ಹಾನಿಗೊಂಡು ಅದರ ಉಸಿರಾಟವೂ ದೇಹದ ಲವಣಗಳ ಸಮತೋಲನವೂ ಕೆಡುತ್ತವೆ. ರಸಸಾರ 5ರ ಹತ್ತಿರ ಬಂದಾಗ ಬಹುಪಾಲು ಜಾತಿಯ ಮೀನಿನ ಮೊಟ್ಟೆಗಳು ಮರಿಯಾಗುವುದಿಲ್ಲ. ಇಂಥ ಸರೋವರದ ನೀರು ಹಲವು ವೇಳೆ ಕನ್ನಡಿಯಂತೆ ತಿಳಿಯಾಗಿರುತ್ತದೆ. ನೋಡಿದವರು ಶುದ್ಧವೆಂದೇ ಭಾವಿಸುತ್ತಾರೆ.

ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ ಎಂಟು ವರ್ಷ ಕಾಲ ಒಂಟೇರಿಯೊದ 223ನೆಯ ಸಂಖ್ಯೆಯ ಪ್ರಾಯೋಗಿಕ ಸರೋವರಕ್ಕೆ ಗಂಧಕಾಮ್ಲವನ್ನು ಸೇರಿಸುತ್ತ, ರಸಸಾರವನ್ನು 6.8ರಿಂದ 5ಕ್ಕೆ ಇಳಿಸಿದರು. ಅದು 6ರ ಸಮೀಪ ಬಂದಾಗಲೇ ಒಂದು ಜಾತಿಯ ಪುಟ್ಟ ಸಿಗಡಿಯೂ ಸಣ್ಣ ಮೀನೂ ಕುಸಿದವು. ಅವನ್ನು ತಿಂದು ಬದುಕುತ್ತಿದ್ದ ದೊಡ್ಡ ಟ್ರೌಟ್ ಮೀನುಗಳು ಆಮ್ಲದಿಂದ ನೇರವಾಗಿ ಸಾಯಲಿಲ್ಲ. ಆಹಾರವಿಲ್ಲದೆ ಬಡಕಲಾದವು, ಸಂತಾನ ನಿಂತಿತು. ದೊಡ್ಡ ಮೀನು ಕಾಣುತ್ತಿದೆಯಲ್ಲ ಎಂಬ ಸಮಾಧಾನ ಎಷ್ಟು ಹುಸಿಯೆಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ನೀರಿಗೆ ಬರುವುದು ಸುತ್ತಲಿನ ಕಲ್ಲುಮಣ್ಣಿನ ಸುಣ್ಣದಂಶದಿಂದ. ಸುಣ್ಣಕಲ್ಲಿನ ಸೀಮೆಯ ಸರೋವರಗಳು ಉಳಿದುಕೊಂಡವು. ಗ್ರಾನೈಟ್ ಸೀಮೆಯವು ಸೋತವು. ಇಲ್ಲಿ ನಮ್ಮ ಮಾತು ಆರಂಭವಾಗುತ್ತದೆ. ಉತ್ತರದ ಬಯಲಿನಲ್ಲಿ ಸುಣ್ಣದಂಶವುಳ್ಳ ಧೂಳು ಮಳೆಯ ಆಮ್ಲವನ್ನು ಬಹುಮಟ್ಟಿಗೆ ತಣಿಸುತ್ತದೆ. ತಿಂಗಳುಗಟ್ಟಲೆ ಜಡಿಮಳೆ ಹೊಡೆಯುವ ಮಲೆನಾಡಿಗೆ ಅಂಥ ಧೂಳಿನ ಆಸರೆಯಿಲ್ಲ. ಮಳೆಗೆ ತೊಳೆದು ಸುಣ್ಣದಂಶ ಕಳೆದುಕೊಂಡ ನಮ್ಮ ಮಣ್ಣು ಸ್ವಭಾವತಃ ಆಮ್ಲೀಯ. ಅಡಿಕೆ, ಕಾಫಿ ತೋಟಗಳಿಗೆ ಸುಣ್ಣ ಹಾಕುವ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟಕ್ಕೆ ನಾವು ಸುಣ್ಣ ಹಾಕಿಕೊಳ್ಳಬಹುದು. ಕಾಡಿನ ಹಳ್ಳಕ್ಕೆ ಹಾಕುವವರು ಯಾರು? ಸ್ವೀಡನ್ ಮತ್ತು ನಾರ್ವೆ ಸರ್ಕಾರಗಳು ದಶಕಗಳಿಂದ ಸರೋವರಗಳಿಗೆ ಸುಣ್ಣ ಸುರಿಯುತ್ತಲೇ ಇವೆ. ಗಂಧಕದ ಹೊರಸೂಸುವಿಕೆ ಯುರೋಪಿನಲ್ಲಿ ಬಹುಪಾಲು ತಗ್ಗಿದ ಮೇಲೂ ಆ ಕೆಲಸ ಮುಗಿದಿಲ್ಲ, ಏಕೆಂದರೆ ಮಣ್ಣು ಕಳೆದುಕೊಂಡ ಸುಣ್ಣದಂಶ ಬೇಗನೆ ಮರಳುವುದಿಲ್ಲ.

ನಮ್ಮ ಕೆರೆಗಳು ಆಮ್ಲಮಳೆಗೆ ಈಗಾಗಲೇ ಬಲಿಯಾಗಿವೆ ಎಂಬುದು ನನ್ನ ವಾದವಲ್ಲ. ಮುಂಗಾರಿನ ಗಾಳಿ ಕರಾವಳಿಯಿಂದ ಘಟ್ಟದತ್ತಲೇ ಬೀಸುತ್ತದೆ; ಆ ದಾರಿಯಲ್ಲಿ ಕಲ್ಲಿದ್ದಲು ಉರಿಸುವವರು ಏನನ್ನು ಗಾಳಿಗೆ ಬಿಡುತ್ತಾರೆಂಬುದನ್ನು ಕೇಳುವ ಹಕ್ಕು ನಮಗಿದೆ ಎಂಬುದಷ್ಟೇ ವಾದ. ಆ ಹಕ್ಕಿಗೆ ಆಧಾರ ಬೇಕಾದರೆ ಲೆಕ್ಕ ಬೇಕು. ಪ್ರತಿ ಊರಿನ ಒಂದು ಹಳ್ಳ, ಒಂದು ಕೆರೆಯ ರಸಸಾರವನ್ನೂ ಕ್ಷಾರೀಯತೆಯನ್ನೂ ಬೇಸಗೆಯಲ್ಲಿ, ಮೊದಲ ಮಳೆಯಲ್ಲಿ, ಶ್ರಾವಣದಲ್ಲಿ ಅಳೆದು ದಾಖಲಿಸೋಣ. ಶಾಲಾ ಕಾಲೇಜುಗಳ ಪ್ರಯೋಗಾಲಯಗಳು ಕೈಜೋಡಿಸಿದರೆ ಇದು ದುಬಾರಿ ಕೆಲಸವಲ್ಲ. ಜೊತೆಗೆ ಬಸವನಹುಳು, ಏಡಿ, ಕಪ್ಪೆಮರಿಗಳನ್ನೂ ಗಮನಿಸೋಣ. ಕೆಡುಕು ಮೊದಲು ತಟ್ಟುವುದು ಸಣ್ಣ ಜೀವಿಗಳಿಗೆ. ತುಂಗೆಯ ದೇವರ ಮೀನು ತೇಲಿದ ದಿನ ಎಚ್ಚರಗೊಂಡರೆ ಅದು ತೀರ ತಡವಾದ ಎಚ್ಚರ.

ವಿನಾಯಿತಿಯ ಅಧಿಸೂಚನೆಯನ್ನು ಮರುಪರಿಶೀಲಿಸಬೇಕು. ಚಿಮಣಿಯ ಎತ್ತರ ಹೊಗೆ ಎಲ್ಲಿ ಬೀಳಬೇಕೆಂಬುದನ್ನು ಬದಲಿಸೀತು. ಬೀಳುವ ಗಂಧಕವನ್ನು ಒಂದು ಕಿಲೋವಿನಷ್ಟೂ ಕಡಿಮೆ ಮಾಡದು.