ಅಜ್ಜಿಯ ನೋಟುಪುಸ್ತಕ ಜಾಲಪುಟವಾದ ಬಗೆ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಯಜಮಾನರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಪತ್ನಿ ತೀರಿಕೊಂಡು ಎರಡು ವರ್ಷಗಳಾಗಿವೆ. ಆಕೆ ಬಿಟ್ಟುಹೋದ ವಸ್ತುಗಳ ಪೈಕಿ ಮಕ್ಕಳು ಬಾಯಿಬಿಟ್ಟು ಕೇಳಿದ್ದು ಒಂದನ್ನು ಮಾತ್ರ: ರಟ್ಟು ಕಿತ್ತುಹೋದ ಒಂದು ದಪ್ಪ ನೋಟುಪುಸ್ತಕ. ಸಾರಿನ ಪುಡಿಯ ಅಳತೆ, ಮಾವಿನ ಮಿಡಿ ಉಪ್ಪಿನಕಾಯಿಯ ಹದ, ಹಸೆಗೆ ಕರೆಯುವ ಹಾಡು, ಮಗುವಿನ ಕೆಮ್ಮಿಗೆ ಕಷಾಯ, ನಡುನಡುವೆ ಹಾಲಿನವನ ಲೆಕ್ಕ—ನಲವತ್ತು ವರ್ಷಗಳ ಸಂಸಾರವೆಲ್ಲ ಅದರಲ್ಲಿ ಅಡಗಿದೆ. ಶಿವಮೊಗ್ಗದ ಮಗಳಿಗೂ ಅದು ಬೇಕು, ಅಮೆರಿಕದ ಮಗನಿಗೂ ಬೇಕು. ಪುಸ್ತಕವಾದರೋ ಒಂದೇ, ಅದರ ಹಾಳೆಗಳೂ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿವೆ.

ಕೊನೆಗೆ ಉಪಾಯ ಸೂಚಿಸಿದವಳು ಕಾಲೇಜಿನಲ್ಲಿ ಓದುವ ಮೊಮ್ಮಗಳು.

“ತಾತ, ಇದನ್ನು ಜಾಲಪುಟವಾಗಿ ಮಾಡಿಬಿಡೋಣ. ಅವರವರು ಅವರವರ ಮನೆಯಲ್ಲೇ ಕೂತು ಓದಿಕೊಳ್ಳಲಿ.”

“ಈ ವಯಸ್ಸಿನಲ್ಲಿ ನನಗೆ ಅದೆಲ್ಲ ಬಂದೀತೇನಮ್ಮ?”

“ಬರೆಯುವವರು ನೀವು ತಾತ. ನಾನು ಪಕ್ಕದಲ್ಲಿ ಕೂತಿರುತ್ತೇನೆ.”

ಇಂಥ ನೋಟುಪುಸ್ತಕವೂ ಇಂಥ ಸಂಕೋಚವೂ ಇರುವ ಮನೆಗಳು ಕನ್ನಡನಾಡಿನಲ್ಲಿ ಎಷ್ಟೋ ಉಂಟು. ಆದುದರಿಂದ ಈ ತಾತ-ಮೊಮ್ಮಗಳು ನಡೆದ ದಾರಿಯನ್ನು ಇಲ್ಲಿ ಹೇಳುವುದು ವಾಚಕರಿಗೆ ಉಪಯುಕ್ತವಾದೀತು.

ಜಾಲಪುಟವೆಂಬುದು ಹುಟ್ಟಿ ಬಹುಕಾಲವೇನೂ ಆಗಿಲ್ಲ. ಜಿನೀವಾ ನಗರದ ಸಮೀಪದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಮೊದಲನೆಯ ಜಾಲತಾಣವನ್ನು ಲೋಕದ ಮುಂದಿಟ್ಟದ್ದು ೧೯೯೧ರಲ್ಲಿ. ಆಗ ಪುಟ ರಚಿಸಬೇಕಾದರೆ ಅದರ ಸಂಕೇತಭಾಷೆಯನ್ನು ಕಲಿಯದೆ ಗತಿಯಿರಲಿಲ್ಲ. ಆ ಕಷ್ಟವನ್ನು ತಪ್ಪಿಸಿದ ಸಾಧನಗಳಲ್ಲಿ ಇಂದು ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ವರ್ಡ್‌ಪ್ರೆಸ್. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬ ಇಬ್ಬರು ಅದನ್ನು ಹೊರತಂದದ್ದು ೨೦೦೩ರ ಮೇ ತಿಂಗಳಿನಲ್ಲಿ. ಮುಲ್ಲೆನ್‌ವೆಗ್‌ಗೆ ಆಗ ೧೯ ವರ್ಷ. ಸ್ವಂತ ಸ್ಥಳವನ್ನು ಬಾಡಿಗೆಗೆ ಪಡೆದು ಈ ತಂತ್ರಾಂಶವನ್ನು ಅಲ್ಲಿ ನೆಲೆಗೊಳಿಸುವುದು ಒಂದು ಬಗೆ. ೨೦೦೫ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಡಾಟ್ ಕಾಂ ತಾಣದಲ್ಲಿ ಹೆಸರು ನೋಂದಾಯಿಸಿ, ಕಾಸು ಕೊಡದೆ ಆರಂಭಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಪುಟದ ವಿಳಾಸದೊಡನೆ ವೇದಿಕೆಯ ಹೆಸರೂ ಅಂಟಿಕೊಂಡಿರುತ್ತದೆ. ಹೊಸಬರಿಗೆ ಅದರಿಂದ ಹಾನಿಯೇನಿಲ್ಲ. ತಾತ ಆರಿಸಿಕೊಂಡದ್ದು ಅದನ್ನೇ.

ಆದರೆ ಮೊಮ್ಮಗಳು ಮೊದಲ ದಿನ ಗಣಕವನ್ನು ತೆರೆಯಲೇ ಇಲ್ಲ. ಒಂದು ಬಿಳಿಯ ಹಾಳೆಯನ್ನೂ ಪೆನ್ಸಿಲನ್ನೂ ತಂದು ತಾತನ ಮುಂದಿಟ್ಟಳು. ಯಾವ ಯಾವ ಪುಟ ಬೇಕು, ಯಾವುದರ ಕೆಳಗೆ ಯಾವುದು ಬರಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯುವುದು ಅತ್ಯಾವಶ್ಯಕ. ನಕ್ಷೆಯಿಲ್ಲದೆ ಮನೆ ಕಟ್ಟಿದವನು ಕೊನೆಗೆ ಅಡುಗೆಮನೆಗೆ ಬಾಗಿಲು ಹುಡುಕಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಪಟ್ಟಿ ಸಿದ್ಧವಾಯಿತು: ಮುಖಪುಟ, ಅಜ್ಜಿಯ ಪರಿಚಯ, ಅಡುಗೆ, ಹಾಡುಗಳು, ಮನೆಮದ್ದು. ಅಡುಗೆಯ ಕೆಳಗೆ ಮತ್ತೆ ಸಾರು, ಉಪ್ಪಿನಕಾಯಿ, ಹಬ್ಬದ ತಿಂಡಿ.

ವರ್ಡ್‌ಪ್ರೆಸ್ಸಿನಲ್ಲಿ ಬರವಣಿಗೆಗೆ ಎರಡು ಬಗೆಯ ಸ್ಥಾನಗಳಿವೆ. ಒಂದರ ಹೆಸರು ಪೋಸ್ಟ್, ಮತ್ತೊಂದರ ಹೆಸರು ಪೇಜ್. ಹೊಸಬರು ಇವೆರಡರ ಭೇದವನ್ನು ತಿಳಿಯದೆ ತೊಡಕಿಗೆ ಸಿಕ್ಕಿಕೊಳ್ಳುವುದುಂಟು. ಪೋಸ್ಟ್ ದಿನಚರಿಯಂತೆ: ದಿನಾಂಕವನ್ನು ಹೊತ್ತು ಬರುತ್ತದೆ, ಹೊಸದು ಬಂದಂತೆ ಹಳೆಯದು ಕೆಳಕ್ಕೆ ಸರಿಯುತ್ತದೆ, ವಿಷಯವಾರು ವಿಂಗಡಣೆಯ ಕ್ಯಾಟಗರಿಗಳೂ ಟ್ಯಾಗುಗಳೂ ಅದಕ್ಕೆ ಸೇರಿದವು. ಪೇಜ್ ಗೋಡೆಗೆ ತೂಗುಹಾಕಿದ ಪಟದಂತೆ: ಇದ್ದಲ್ಲೇ ಇರುತ್ತದೆ. ಒಂದು ಪೇಜಿನ ಕೆಳಗೆ ಇನ್ನೊಂದನ್ನು ಮಗುವಿನಂತೆ ಸೇರಿಸಲೂಬಹುದು. ಅಜ್ಜಿಯ ಉಪ್ಪಿನಕಾಯಿ ನಾಳೆ ಹಳೆಯದಾಗುವ ಸುದ್ದಿಯಲ್ಲವಾದುದರಿಂದ ಇಲ್ಲಿ ಪೇಜುಗಳೇ ಸರಿ. ಆರಂಭದಲ್ಲಿ ತಾಣದ ಮುಖಪುಟದಲ್ಲಿ ಪೋಸ್ಟುಗಳ ಸಾಲೇ ಕಾಣಿಸುತ್ತಿದ್ದರೆ, ಸೆಟ್ಟಿಂಗ್ಸ್ ವಿಭಾಗದ ರೀಡಿಂಗ್ ಎಂಬಲ್ಲಿಗೆ ಹೋಗಿ, ಆಯ್ದ ಪೇಜೊಂದನ್ನು ಮುಖಪುಟವಾಗಿ ನಿಲ್ಲಿಸಬಹುದು. ಉಳಿದ ಪೇಜುಗಳನ್ನು ಮೆನುವಿಗೆ ಸೇರಿಸದಿದ್ದರೆ ಓದುಗರಿಗೆ ಅಲ್ಲಿಗೆ ಹೋಗುವ ದಾರಿಯೇ ತಿಳಿಯದು.

ಎರಡನೆಯ ದಿನ ಒಂದು ಆಘಾತ ಕಾದಿತ್ತು. ತಾತ ಆರು ತಿಂಗಳಿಂದ ತಮ್ಮ ಹಳೆಯ ಗಣಕದಲ್ಲಿ ನೋಟುಪುಸ್ತಕದ ಅರ್ಧಭಾಗವನ್ನು ಬೆರಳಚ್ಚು ಮಾಡಿಟ್ಟಿದ್ದರು. ಅದನ್ನು ನಕಲುಮಾಡಿ ಹೊಸ ಪುಟದಲ್ಲಿ ಅಂಟಿಸಿದರೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬಿತ್ತು. ವೃದ್ಧರ ಮುಖ ಬಾಡಿತು. ಆರು ತಿಂಗಳ ಶ್ರಮ!

ಕಾರಣ ಸರಳವಾದುದು. ಹಿಂದಿನ ಎಷ್ಟೋ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇರುವ ಗಣಕದಲ್ಲಿ ಮಾತ್ರ ಅದು ಕನ್ನಡ; ಉಳಿದೆಡೆ ಕಲಸುಮೇಲೋಗರ. ಯೂನಿಕೋಡ್ ಎಂಬ ಸರ್ವಭಾಷಾ ವ್ಯವಸ್ಥೆಯಲ್ಲಾದರೋ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಅದರಲ್ಲಿ ಬರೆದದ್ದು ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಒಂದೇ ರೀತಿ ಕಾಣುತ್ತದೆ. ಹಳೆಯ ಬರಹವನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಮೊಮ್ಮಗಳು ಹತ್ತು ನಿಮಿಷದಲ್ಲಿ ಇಡೀ ಬರಹವನ್ನು ಮರಳಿ ಕನ್ನಡವಾಗಿಸಿದಳು. ಆದರೂ ಪರಿವರ್ತನೆಯಲ್ಲಿ ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುವುದುಂಟು. ತಾತ ಕೆಂಪು ಪೆನ್ಸಿಲ್ ಹಿಡಿದು, ಉತ್ತರಪತ್ರಿಕೆ ತಿದ್ದುವವರಂತೆ, ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಿದರು. ಈ ಕೆಲಸವನ್ನು ಯಾವ ಯಂತ್ರಕ್ಕೂ ಪೂರ್ತಿಯಾಗಿ ಒಪ್ಪಿಸತಕ್ಕದ್ದಲ್ಲ.

ಬರೆಯುವ ಕ್ರಮಕ್ಕೆ ಬಂದರೆ, ೨೦೧೮ರ ಡಿಸೆಂಬರಿನಿಂದ ವರ್ಡ್‌ಪ್ರೆಸ್ಸಿನ ಬರವಣಿಗೆಯ ಫಲಕ ಬ್ಲಾಕುಗಳಿಂದ ಕೂಡಿದೆ. ಒಂದು ಪ್ಯಾರಾ ಒಂದು ಬ್ಲಾಕ್, ಒಂದು ಚಿತ್ರ ಒಂದು ಬ್ಲಾಕ್, ಸಾಮಾನುಗಳ ಪಟ್ಟಿ ಮತ್ತೊಂದು. ಇಟ್ಟಿಗೆಗಳಂತೆ ಅವನ್ನು ಮೇಲೆ ಕೆಳಗೆ ಸರಿಸಬಹುದು. ಉಪಶೀರ್ಷಿಕೆ ಬೇಕೆಂದಾಗ ಅಕ್ಷರವನ್ನು ದಪ್ಪಗೊಳಿಸಿ ಬಿಡಬಾರದು. ಹೆಡಿಂಗ್ ಬ್ಲಾಕನ್ನೇ ಬಳಸಬೇಕು. ಕಣ್ಣಿಗೆ ಎರಡೂ ಒಂದೇ ಎನಿಸಿದರೂ, ಪುಟವನ್ನು ಓದಿಹೇಳುವ ತಂತ್ರಾಂಶದ ನೆರವಿನಿಂದ ಓದುವ ಅಂಧರಿಗೆ ಆ ಶೀರ್ಷಿಕೆಗಳೇ ದಾರಿದೀಪ. ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಎಂಬ ಚಿಕ್ಕ ವಿವರಣೆಯನ್ನು ಬರೆಯುವುದೂ ಈ ಕಾರಣಕ್ಕಾಗಿಯೇ. ‘ಉಪ್ಪಿನಲ್ಲಿ ನೆನೆದ ಮಾವಿನ ಮಿಡಿ, ಪಿಂಗಾಣಿ ಜಾಡಿ’ ಎಂದಿಷ್ಟು ಬರೆದರೆ ಸಾಕು.

ವಿಳಾಸದ ವಿಷಯದಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪುಟದ ಹೆಸರಿನಿಂದ ವರ್ಡ್‌ಪ್ರೆಸ್ ತಾನೇ ವಿಳಾಸವನ್ನು ರಚಿಸುತ್ತದೆ. ಹೆಸರು ಕನ್ನಡದಲ್ಲಿದ್ದರೆ, ಕಾಗುಣಿತದ ಚಿಹ್ನೆಗಳೂ ಸೇರಿದಂತೆ ಒಂದೊಂದು ಸಂಕೇತವೂ ವಿಳಾಸದೊಳಗೆ ಒಂಬತ್ತು ಚಿಹ್ನೆಗಳಾಗಿ ಬಿಡಿಸಿಕೊಳ್ಳುತ್ತದೆ. ‘ಉಪ್ಪಿನಕಾಯಿ’ ಎಂಬ ಒಂದೇ ಪದ ೯೦ ಚಿಹ್ನೆಗಳಷ್ಟು ಉದ್ದವಾಗುತ್ತದೆ! ಅದನ್ನು ಯಾರಿಗಾದರೂ ಕಳುಹಿಸಿದರೆ ಶೇಕಡಾ ಚಿಹ್ನೆಗಳ ಸರಮಾಲೆಯನ್ನು ಕಂಡು ಅವರು ಹೆದರುವುದು ಸಹಜ. ಆದುದರಿಂದ ಶೀರ್ಷಿಕೆ ಕನ್ನಡದಲ್ಲಿಯೇ ಇರಲಿ; ವಿಳಾಸದ ತುಣುಕನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೈಯಾರೆ ಬರೆಯುವುದು ಲೇಸು. ಇದನ್ನು ಪ್ರಕಟಣೆಗೆ ಮುನ್ನವೇ ಮಾಡಬೇಕು. ಆಮೇಲೆ ಬದಲಿಸಿದರೆ ಹಳೆಯ ವಿಳಾಸವನ್ನು ಹಿಡಿದು ಬಂದವರು ಬರಿಯ ಗೋಡೆಯನ್ನು ಕಂಡು ಹಿಂತಿರುಗಬೇಕಾದೀತು.

ಚಿತ್ರಗಳಲ್ಲಿಯೂ ಎಚ್ಚರಿಕೆ ಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರ ಬಹಳ ಭಾರವಾಗಿರುತ್ತದೆ. ಹಾಗೆಯೇ ಏರಿಸಿದರೆ ಪುಟ ತೆರೆಯಲು ತಡವಾಗುತ್ತದೆ. ಕುಗ್ಗಿಸಿ ಹಾಕಬೇಕು. ಕೆಲವು ಚಿತ್ರಗಳೊಳಗೆ ಅವನ್ನು ತೆಗೆದ ಸ್ಥಳದ ಗುರುತೂ ಅಡಗಿರುವುದರಿಂದ ಅದನ್ನು ಅಳಿಸಿಯೇ ಏರಿಸುವುದು ಕ್ಷೇಮ. ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಮಕ್ಕಳ ಶಾಲೆಯ ಹೆಸರು ಇವು ಪುಟದಲ್ಲಿ ಬರತಕ್ಕವಲ್ಲ. ಓದಿದವರು ಪತ್ರ ಬರೆಯಲೆಂದು ಒಂದು ಸಂಪರ್ಕ ನಮೂನೆಯನ್ನು ಇಟ್ಟರೆ ಸಾಕು.

ಅಜ್ಜಿಯ ಪುಸ್ತಕದಲ್ಲಿ ಹಾಡುಗಳೊಡನೆ ಆಕೆ ಮೆಚ್ಚಿ ಬರೆದುಕೊಂಡಿದ್ದ ಕವಿತೆಗಳೂ ಇದ್ದವು. ಇಲ್ಲಿ ಕಾಯಿದೆಯ ಮಾತು ಬರುತ್ತದೆ. ಭಾರತದಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರ ನಿಧನಾನಂತರವೂ ೬೦ ವರ್ಷಗಳವರೆಗೆ ಉಳಿಯುತ್ತದೆ. ೧೯೪೬ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರು ತಮ್ಮ ಕಾಲದಲ್ಲಿ ಪ್ರಕಟಿಸಿದ ಕವಿತೆಗಳನ್ನು ಇಂದು ಯಾರೂ ಹಾಕಬಹುದು. ೧೯೮೧ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ೨೦೪೧ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ತಲೆತಲಾಂತರದಿಂದ ಬಂದ ಸಂಪ್ರದಾಯದ ಹಾಡುಗಳಿಗೆ ಈ ತೊಡಕಿಲ್ಲ. ತಾತ ಕವಿತೆಗಳನ್ನು ಬಿಟ್ಟು, ಅಜ್ಜಿಗೆ ಯಾವ ಯಾವುದು ಪ್ರಿಯವಾಗಿತ್ತೆಂದು ಹೆಸರುಗಳನ್ನು ಮಾತ್ರ ಬರೆದರು.

ನಿಜವಾದ ತೊಡಕು ಬಂದದ್ದು ಕೊನೆಯಲ್ಲಿ. ಉಪ್ಪಿನಕಾಯಿಯ ಎರಡು ಹಾಳೆಗಳ ನಡುವೆ ಒಂದು ಪುಟವಿತ್ತು. ಹಿರಿಯ ಮಗಳ ಮದುವೆಗೆ ಯಾರಿಂದ ಎಷ್ಟು ಸಾಲ ಬಂತು, ಕೇಳಹೋದಾಗ ಆ ನೆಂಟರು ಆಡಿದ ಮಾತೇನು, ಅದನ್ನು ಹೇಗೆ ನುಂಗಿಕೊಂಡದ್ದಾಯಿತು ಎಂದು ಅಜ್ಜಿ ಎಂಟೇ ಸಾಲಿನಲ್ಲಿ ಬರೆದಿಟ್ಟಿದ್ದಳು. ಆ ನೆಂಟರ ಮಕ್ಕಳು ಈಗಲೂ ಹಬ್ಬಕ್ಕೆ ಬಂದುಹೋಗುವವರು.

“ಅವಳು ಬರೆದದ್ದನ್ನು ಬಿಟ್ಟರೆ ಅವಳಿಗೆ ಅನ್ಯಾಯ ಮಾಡಿದಂತೆ” ಎಂದರು ತಾತ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಜ್ಜಿ ಈ ಹಾಳೆಯನ್ನು ಯಾರಿಗಾದರೂ ತೋರಿಸಿದ್ದರೆ ತಾತ?”

“ಇಲ್ಲ. ನನಗೂ ತೋರಿಸಿರಲಿಲ್ಲ.”

ವರ್ಡ್‌ಪ್ರೆಸ್ಸಿನಲ್ಲಿ ಇದಕ್ಕೂ ಅನುಕೂಲಗಳುಂಟು. ಪುಟವನ್ನು ಪ್ರೈವೇಟ್ ಎಂದು ಗುರುತಿಸಿದರೆ ತಾಣದ ಮೇಲ್ವಿಚಾರಕರೂ ಸಂಪಾದಕರೂ ಮಾತ್ರ ನೋಡಬಲ್ಲರು. ಗುಪ್ತಪದ ಹಾಕಿದರೆ ಅದನ್ನು ಬಲ್ಲವರು ಮಾತ್ರ ಓದಬಹುದು, ಶೀರ್ಷಿಕೆಯೇನೋ ಎಲ್ಲರಿಗೂ ಕಾಣುತ್ತದೆ. ಹುಡುಕುಯಂತ್ರಗಳು ಬರಬಾರದೆಂದು ಸೂಚಿಸುವ ಗುರುತೂ ಇದೆ. ಆದರೆ ಅದು ಬಿನ್ನಹ ಮಾತ್ರ, ಬೀಗವಲ್ಲ. ಗುಪ್ತಪದ ಬಾಯಿಂದ ಬಾಯಿಗೆ ಹೋದೀತು. ಓದಿದವರು ನಕಲು ತೆಗೆದಿಟ್ಟುಕೊಂಡಾರು. ಒಮ್ಮೆ ಪ್ರಕಟವಾದುದನ್ನು ಅಳಿಸಿದರೂ ಪರರ ಬಳಿ ಉಳಿದ ಪ್ರತಿ ಅಳಿಯದು. ಮೊಮ್ಮಗಳು ಇದೆಲ್ಲವನ್ನೂ ವಿವರಿಸಿ ನಿರ್ಣಯವನ್ನು ತಾತನಿಗೇ ಬಿಟ್ಟಳು. ತಾತ ಆ ಹಾಳೆಯನ್ನು ಮಡಿಸಿ, ಬೀರುವಿನಲ್ಲಿ ಅಜ್ಜಿಯ ರೇಷ್ಮೆಸೀರೆಯ ಮಡಿಕೆಯೊಳಗಿಟ್ಟು ಬೀಗ ಹಾಕಿ ಬಂದರು.

“ಇನ್ನು ಮುಂದಕ್ಕೆ ಹೋಗೋಣಮ್ಮ” ಎಂದರು.

ಆ ಸಂಜೆ ಪ್ರಿವ್ಯೂ ಒತ್ತಿ ಪ್ರತಿಯೊಂದು ಪುಟವನ್ನೂ ಗಣಕದಲ್ಲೊಮ್ಮೆ, ಮೊಬೈಲಿನಲ್ಲೊಮ್ಮೆ ನೋಡಿದ್ದಾಯಿತು. ಅಳತೆಗಳನ್ನು ಮಗಳಿಗೆ ದೂರವಾಣಿಯಲ್ಲಿ ಓದಿಹೇಳಿ ಖಚಿತಪಡಿಸಿಕೊಂಡದ್ದಾಯಿತು. ಅಲ್ಲಿಯವರೆಗೆ ಎಲ್ಲವೂ ಡ್ರಾಫ್ಟ್, ಅಂದರೆ ಕರಡು. ಪಬ್ಲಿಷ್ ಒತ್ತುವ ತನಕ ಓದುಗರ ಕಣ್ಣಿಗೆ ಬೀಳದು. ಹೊಸಬರು ಆತುರಪಡಬೇಕಾದ ಕಾರಣವೇ ಇಲ್ಲ. ತಿದ್ದುವಾಗ ತಪ್ಪಿದರೆ ರಿವಿಷನ್ಸ್ ಎಂಬಲ್ಲಿ ಹಿಂದಿನ ಪಾಠಗಳು ದೊರೆಯುತ್ತವೆ.

ಪ್ರಕಟಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ೧೯೯೪ರಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ತಮ್ಮ ಸ್ವಂತ ಪುಟಗಳನ್ನು ಕಟ್ಟಿಕೊಂಡಿದ್ದರು. ಅದನ್ನು ಕೊಂಡಿದ್ದ ಯಾಹೂ ಸಂಸ್ಥೆ ಅಮೆರಿಕದಲ್ಲಿ ೨೦೦೯ರ ಅಕ್ಟೋಬರಿನಲ್ಲಿ ಅದರ ಬಾಗಿಲು ಹಾಕಿತು. ಕೆಲವು ಉತ್ಸಾಹಿಗಳು ನಕಲು ತೆಗೆದಿಟ್ಟುದರಿಂದ ಬಹಳಷ್ಟು ಪುಟಗಳು ಉಳಿದವಾದರೂ ಎಲ್ಲವೂ ಉಳಿಯಲಿಲ್ಲ. ಬಾಡಿಗೆಯ ಮನೆಯಲ್ಲಿ ಚಿನ್ನವಿಟ್ಟವರು ಬೀಗದ ಕೈಯನ್ನು ತಾವೇ ಇಟ್ಟುಕೊಳ್ಳಬೇಕು. ವರ್ಡ್‌ಪ್ರೆಸ್ಸಿನ ಟೂಲ್ಸ್ ವಿಭಾಗದಲ್ಲಿ ಎಕ್ಸ್‌ಪೋರ್ಟ್ ಎಂಬ ಸೌಲಭ್ಯವಿದೆ. ಅದರಿಂದ ಬರಹವನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು, ಚಿತ್ರಗಳ ಪ್ರತಿಯನ್ನೂ ಬೇರೆಯಾಗಿ ಜೋಪಾನಮಾಡಬೇಕು. ಯುಗಾದಿಗೊಮ್ಮೆ, ದಸರೆಗೊಮ್ಮೆ ಎಂದು ನಿಯಮ ಮಾಡಿಕೊಂಡರೆ ಮರೆಯದು.

ಮರುದಿನ ಬೆಳಿಗ್ಗೆ ಸಂಪರ್ಕ ನಮೂನೆಯ ಮೂಲಕ ಮೊದಲ ಪತ್ರ ಬಂತು. ಬರೆದವನು ಅಮೆರಿಕದ ಮಗ. ಅಮ್ಮನ ಸಾರಿನ ಪುಡಿಗೆ ಮೆಂತ್ಯ ಎಷ್ಟೆಂಬುದು ಇಪ್ಪತ್ತು ವರ್ಷಗಳಿಂದ ತಿಳಿದಿರಲಿಲ್ಲವೆಂದೂ, ಇವತ್ತು ತಿಳಿಯಿತೆಂದೂ ಬರೆದಿದ್ದ. ತಾತ ಅದನ್ನು ಎರಡು ಸಲ ಓದಿದರು. ಬಳಿಕ ಕನ್ನಡಕ ತೆಗೆದು ಒರೆಸಿಕೊಂಡು, ನೋಟುಪುಸ್ತಕದ ಉಳಿದ ಅರ್ಧವನ್ನು ಬೆರಳಚ್ಚು ಮಾಡಲು ಕುಳಿತರು.